ನವಜಾತ ಶಿಶುವಿಗೆ ಫಿಟ್ಸ್: ಸಕ್ಕರೆ, ಕ್ಯಾಲ್ಸಿಯಂ, ಸೋಡಿಯಂ ಏರುಪೇರಾದಾಗ – ಉತ್ತರ ಕನ್ನಡದ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟಿ 28 ದಿನ ತುಂಬದ ಮಗುವಿಗೆ ಫಿಟ್ಸ್ ಬರಲು ಹಲವು ಕಾರಣಗಳಿವೆ. ಹೆರಿಗೆ ಹೊತ್ತಿನಲ್ಲಿ ಮಿದುಳಿಗೆ ಆಮ್ಲಜನಕ ಸಾಲದೇ ಹೋಗುವುದು ಎಲ್ಲಕ್ಕಿಂತ ಸಾಮಾನ್ಯ. ಮಿದುಳಿನ ಸೋಂಕು ಮತ್ತು ತಲೆಯೊಳಗಿನ ರಕ್ತಸ್ರಾವವೂ ಕಾರಣವಾಗಬಹುದು. ಇಲ್ಲಿ ನಾನು ಹೆಚ್ಚಾಗಿ ಬರೆದಿರುವುದು ರಕ್ತದ ಸಕ್ಕರೆ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಏರುಪೇರಾಗಿ ಬರುವ ಫಿಟ್ಸ್ ಬಗ್ಗೆ. ಇವನ್ನು ಬೇಗ ಕಂಡುಹಿಡಿದರೆ ಎಷ್ಟೋ ಸಲ ಅಲ್ಲಿಯೇ, ಆಗಲೇ ಸರಿಪಡಿಸಬಹುದು. ತಡವಾದರೆ ಮಗು ಅದರ ಬೆಲೆಯನ್ನು ಜೀವನವಿಡೀ ತೆರಬೇಕಾಗಬಹುದು. ಘಟ್ಟ, ಹೊಳೆ, ಮಳೆ ದಾಟಿ ಆಸ್ಪತ್ರೆ ಸೇರಬೇಕಾದ ನಮ್ಮ ಜಿಲ್ಲೆಯವರಿಗೆ ಇದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಮಗು ನಡುಗುತ್ತದೆ, ಬೆಚ್ಚಿ ಬೀಳುತ್ತದೆ. ಇದೆಲ್ಲಾ ಫಿಟ್ಸಾ?

ಎಲ್ಲವೂ ಅಲ್ಲ. ಬಾಗಿಲು ಬಡಿದರೆ ಕೂಸು ಎರಡೂ ಕೈ ಚಾಚಿ ಬೆಚ್ಚುವುದು ಸಹಜ. ಅಳುವಾಗ ಗಲ್ಲ ನಡುಗುವುದೂ ಸಹಜ. ನಿದ್ದೆಯಲ್ಲಿ ಮಾತ್ರ ಕೈಕಾಲು ಎಳೆದಂತಾಗಿ, ಎಬ್ಬಿಸಿದ ಕೂಡಲೇ ನಿಂತುಹೋಗುವ ಒಂದು ಬಗೆಯ ಕುಲುಕಾಟವಿದೆ. ಅದರಿಂದ ತೊಂದರೆ ಇಲ್ಲ. ಕೆಲವು ತಿಂಗಳಲ್ಲಿ ತಾನಾಗಿಯೇ ಹೋಗುತ್ತದೆ.

ಮನೆಯಲ್ಲಿ ಮಾಡಬಹುದಾದ ಸುಲಭದ ಪರೀಕ್ಷೆ ಒಂದಿದೆ. ನಡುಗುವ ಕೈಯನ್ನು ಮೆಲ್ಲಗೆ ಹಿಡಿದು ಸ್ವಲ್ಪ ಮಡಚಿ ನೋಡಿ. ಬರೀ ನಡುಕವಾದರೆ ನಿಲ್ಲುತ್ತದೆ. ಫಿಟ್ಸ್ ಆದರೆ ನಿಮ್ಮ ಹಿಡಿತದೊಳಗೂ ಅದೇ ಲಯದಲ್ಲಿ ಎಳೆಯುತ್ತಲೇ ಇರುತ್ತದೆ. ಕಣ್ಣನ್ನೂ ನೋಡಿ. ಒಂದೇ ಕಡೆ ನೆಟ್ಟ ನೋಟ, ಒಂದು ಬದಿಗೆ ತಿರುಗಿ ನಿಂತ ಗುಡ್ಡೆ, ರೆಪ್ಪೆ ಪಟಪಟ ಅನ್ನುವುದು ಕಂಡರೆ ಫಿಟ್ಸ್ ಎಂದೇ ಅಂದುಕೊಳ್ಳಿ. ಆದರೆ ಹಿಡಿದರೆ ನಿಲ್ಲುವ ನಡುಕವೂ ಪದೇ ಪದೇ ಬರುತ್ತಿದ್ದರೆ ಒಮ್ಮೆ ತೋರಿಸಿ. ಸಕ್ಕರೆ ಅಥವಾ ಕ್ಯಾಲ್ಸಿಯಂ ಇಳಿಯಲು ಶುರುವಾದಾಗ ಮೊದಲು ಕಾಣುವುದು ಅದೇ ಆಗಿರಬಹುದು.

ದೊಡ್ಡವರ ಹಾಗೆ ಇಡೀ ಮೈ ಅದುರಿ, ಬಾಯಲ್ಲಿ ನೊರೆ ಬರುವುದು ನವಜಾತ ಶಿಶುಗಳಲ್ಲಿ ಕಡಿಮೆ. ಅವರ ಮಿದುಳು ಇನ್ನೂ ಅಷ್ಟು ಬಲಿತಿರುವುದಿಲ್ಲ. ಸುಮ್ನೆ ತುಟಿ ಚಪ್ಪರಿಸುವುದು, ಸೈಕಲ್ ತುಳಿದಂತೆ ಕಾಲಾಡಿಸುವುದು, ಇದ್ದಕ್ಕಿದ್ದಂತೆ ಉಸಿರು ನಿಂತು ನೀಲಿಗಟ್ಟುವುದು, ಒಂದು ಕೈ ಮಾತ್ರ ಎಳೆಯುವುದು, ಮೈ ಕೋಲಿನಂತೆ ಸೆಟೆಯುವುದು – ಇವೂ ಫಿಟ್ಸ್ ಆಗಿರಬಹುದು. ‘ಮಗು ಚೀಪುತ್ತಾ ಆಡುತ್ತಿದೆ’ ಎಂದು ಮನೆಯವರು ನೋಡುತ್ತಾ ಕೂರುವುದು ಇಂಥ ಹೊತ್ತಿನಲ್ಲೇ.

ಮನೆಯಲ್ಲಿದ್ದಾಗ ಬಂದರೆ ಮೊದಲು ಏನು ಮಾಡಬೇಕು?

ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಲ್ಲಿ ಹಾಲೋ ಜೊಲ್ಲೋ ಇದ್ದರೆ ಹೊರಗೆ ಇಳಿಯಲಿ. ಬಾಯೊಳಗೆ ಏನೂ ಹಾಕಬೇಡಿ. ನೀರು, ಜೇನು, ಸಕ್ಕರೆ, ಔಷಧ, ಬೆರಳು, ಯಾವುದೂ ಬೇಡ. ಕೈಕಾಲು ಅದುಮಿ ಹಿಡಿಯಬೇಡಿ. ಗಡಿಯಾರ ನೋಡಿಕೊಳ್ಳಿ. ಒಬ್ಬರು 108ಕ್ಕೆ ಕರೆ ಮಾಡುವಾಗ ಇನ್ನೊಬ್ಬರು ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಲಿ. ಇದು ಬಹಳ ಜನರಿಗೆ ಸಂಕೋಚದ ವಿಷಯ, ಆದರೆ ವೈದ್ಯರಿಗೆ ನಿಮ್ಮ ಹತ್ತು ನಿಮಿಷದ ವಿವರಣೆಗಿಂತ ಆ ವಿಡಿಯೊ ಜಾಸ್ತಿ ಹೇಳುತ್ತದೆ.

ಮೈ ತಣ್ಣಗಾಗಲು ಬಿಡಬೇಡಿ. ತಣ್ಣಗಾದ ಮಗು ಮೈ ಬೆಚ್ಚಗಿಟ್ಟುಕೊಳ್ಳಲು ತನ್ನಲ್ಲಿರುವ ಸಕ್ಕರೆಯನ್ನು ಸುಡುತ್ತದೆ, ಸಕ್ಕರೆ ಇನ್ನೂ ಇಳಿಯುತ್ತದೆ. ಫಿಟ್ಸ್ ನಿಂತ ಮೇಲೆ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ಮೇಲೆ ಬಟ್ಟೆ ಹೊದೆಸಿ, ತಲೆಗೆ ಟೋಪಿ ಹಾಕಿ. ಮೂಗು ಮುಚ್ಚದಂತೆ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಘಟ್ಟ ಇಳಿಯುವಾಗ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇನ್ನೊಂದಿಲ್ಲ. ಮಗು ಪೂರ್ತಿ ಎಚ್ಚರವಾಗಿ, ತಾನಾಗಿ ಚೆನ್ನಾಗಿ ಚೀಪಿದರೆ ದಾರಿಯಲ್ಲಿ ಎದೆಹಾಲು ಕೊಡಬಹುದು. ಮಂಪರಿನಲ್ಲಿದ್ದರೆ ಬೇಡ. ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಮನೆಯಲ್ಲಿ ಅಜ್ಜನ ಗ್ಲುಕೋಮೀಟರ್ ಇದೆ, ಅದರಲ್ಲಿ ನೋಡೋಣವೇ ಎಂದು ಕೇಳುವವರಿದ್ದಾರೆ. ಕಲಿಯದ ಕೈಯಲ್ಲಿ ಮಗುವಿನ ಹಿಮ್ಮಡಿ ಚುಚ್ಚುತ್ತಾ ಹೊತ್ತು ಕಳೆಯುವುದಕ್ಕಿಂತ ಹೊರಟುಬಿಡುವುದು ಮೇಲು.

ಎಲ್ಲಿಗೆ ಹೋಗಬೇಕು? ನೇರ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗುವುದು ಒಳ್ಳೆಯದಲ್ವಾ?

ಈ ಪ್ರಶ್ನೆಗೆ ಖಚಿತವಾಗಿ ಹೇಳುತ್ತೇನೆ: ಮೊದಲು ಹತ್ತಿರದ ಆಸ್ಪತ್ರೆ. ಸಿರಸಿಯಿಂದ ಹುಬ್ಬಳ್ಳಿ, ಕಾರವಾರದಿಂದ ಗೋವಾದ ಬಾಂಬೋಳಿ, ಭಟ್ಕಳದಿಂದ ಮಣಿಪಾಲ – ಯಾವುದನ್ನು ಹಿಡಿದರೂ ಹೆಚ್ಚುಕಡಿಮೆ 100 ಕಿ.ಮೀ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇಲ್ಲಿನವರು ವರ್ಷಗಳಿಂದ ಕೇಳುತ್ತಿರುವುದು ಸುಮ್ನೆ ಅಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆದಾಗ ಆ ದೂರ ಎಷ್ಟು ದೊಡ್ಡದೆಂದು ಎಲ್ಲರಿಗೂ ಗೊತ್ತಾಯಿತು. ಸಕ್ಕರೆ ಇಳಿದು ಫಿಟ್ಸ್ ಬಂದ ಮಗುವಿಗೆ ಅಷ್ಟು ಹೊತ್ತು ಕಾಯಲು ಆಗುವುದಿಲ್ಲ.

ಸಕ್ಕರೆ ನೋಡಿ ಡ್ರಿಪ್ ಹಾಕುವಷ್ಟು ಸೌಲಭ್ಯವಿರುವ ಹತ್ತಿರದ ಜಾಗಕ್ಕೆ ಮೊದಲು ಹೋಗಿ. ತಾಲ್ಲೂಕು ಆಸ್ಪತ್ರೆ ಆಗಬಹುದು, ಮಕ್ಕಳ ವೈದ್ಯರಿರುವ ಖಾಸಗಿ ಆಸ್ಪತ್ರೆಯೂ ಆಗಬಹುದು. ಅಲ್ಲಿ ಮಗುವನ್ನು ಒಂದು ಹದಕ್ಕೆ ತಂದ ಮೇಲೆ, ಡ್ರಿಪ್ ಸಮೇತ, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿಸಿ ಹೊರಡುವುದು ಸರಿಯಾದ ಕ್ರಮ. ಜಿಲ್ಲಾ ಆಸ್ಪತ್ರೆ ಮಟ್ಟದಲ್ಲಿ ಇಂಥ ಮಕ್ಕಳಿಗೆಂದೇ ಎಸ್‌ಎನ್‌ಸಿಯು ಎಂಬ ವಿಶೇಷ ಘಟಕ ಇರುತ್ತದೆ. ಕಾಯಿಲೆ ಬಿದ್ದ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧ, ರಕ್ತಪರೀಕ್ಷೆ, ಸಾಗಾಟ ಎಲ್ಲವೂ ಉಚಿತ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದಕ್ಕೆಂದೇ ಇದೆ. ದುಡ್ಡು ಹೊಂದಿಸಿಕೊಂಡು ಬೆಳಗ್ಗೆ ಹೋಗೋಣ ಎಂದು ಯಾರೂ ಕಾಯಬೇಕಿಲ್ಲ.

ಹೋದ ಕೂಡಲೇ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುತ್ತಾರಲ್ಲ, ಯಾಕೆ?

ಸಕ್ಕರೆ ನೋಡಲು. ಮಗುವಿನ ಮಿದುಳು ನಡೆಯುವುದೇ ಮುಖ್ಯವಾಗಿ ಗ್ಲುಕೋಸಿನಿಂದ. ಹೊಟ್ಟೆಯೊಳಗಿದ್ದಾಗ ಅದು ತಾಯಿಯಿಂದ ಬಿಡದೆ ಹರಿದು ಬರುತ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಿಂದ ಮಗು ತನ್ನ ಯಕೃತ್ತಿನ ಉಳಿತಾಯದಲ್ಲಿ ಬದುಕಬೇಕು. ನಮ್ಮಲ್ಲಿ ಸಾಮಾನ್ಯವಾಗಿ 100 ಮಿ.ಲೀ. ರಕ್ತದಲ್ಲಿ ಸಕ್ಕರೆ 45 ಮಿ.ಗ್ರಾಂ.ಗಿಂತ ಕೆಳಗಿಳಿದರೆ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ಫಿಟ್ಸ್ ಇದ್ದು ಸಕ್ಕರೆಯೂ ಕಡಿಮೆ ಇದ್ದರೆ ಪ್ರತಿ ಕಿಲೋ ತೂಕಕ್ಕೆ 2 ಮಿ.ಲೀ. ಲೆಕ್ಕದಲ್ಲಿ ಶೇ. 10ರ ಡೆಕ್ಸ್ಟ್ರೋಸ್ (ಗ್ಲುಕೋಸ್ ದ್ರಾವಣ) ನರಕ್ಕೆ ಕೊಡುತ್ತಾರೆ. ಮೂರು ಕಿಲೋ ಮಗುವಿಗೆ ಬರೀ 6 ಮಿ.ಲೀ. ಅಷ್ಟು ಸಣ್ಣ ಸಿರಿಂಜಿನಲ್ಲಿ ಒಂದು ಮಿದುಳು ಉಳಿಯಬಹುದು. ಆಮೇಲೆ ಡ್ರಿಪ್ ಮುಂದುವರಿಸಿ, ಪದೇ ಪದೇ ಹಿಮ್ಮಡಿ ಚುಚ್ಚಿ ನೋಡುತ್ತಾರೆ. ಮಗುವಿಗೆ ನೋವಾಗುತ್ತದೆ ಎಂದು ತಾಯಂದಿರು ಅಳುತ್ತಾರೆ. ಅಳು ಬರುವುದು ಸಹಜ, ಆದರೆ ಆ ಚುಚ್ಚು ಬೇಡ ಎನ್ನಬೇಡಿ.

ಯಾವ ಮಕ್ಕಳಲ್ಲಿ ಸಕ್ಕರೆ ಇಳಿಯುವ ಭಯ ಜಾಸ್ತಿ?

ತಿಂಗಳು ತುಂಬದೆ ಹುಟ್ಟಿದವು, ತೂಕ ಕಡಿಮೆ ಇರುವವು, ಹುಟ್ಟಿದಾಗ ಕೂಡಲೇ ಅಳದವು, ಸೋಂಕು ತಗುಲಿದವು. ಇನ್ನೊಂದು ಗುಂಪನ್ನು ಮನೆಯವರು ಮರೆಯುತ್ತಾರೆ: ಸಕ್ಕರೆ ಕಾಯಿಲೆ ಇರುವ ತಾಯಿಯ ದಪ್ಪ ಮಗು. ನಾಲ್ಕು ಕಿಲೋ ಇದೆ, ಗುಂಡುಗುಂಡಾಗಿದೆ ಎಂದು ಎಲ್ಲರೂ ಖುಷಿಪಡುತ್ತಾರೆ. ತಾಯಿಯ ರಕ್ತದ ಹೆಚ್ಚಿನ ಸಕ್ಕರೆಗೆ ಹೊಂದಿಕೊಂಡು ಆ ಮಗು ಜಾಸ್ತಿ ಇನ್ಸುಲಿನ್ ತಯಾರಿಸುತ್ತಿರುತ್ತದೆ. ಹುಟ್ಟಿದ ಮೇಲೆ ಸಕ್ಕರೆ ಬರುವುದು ನಿಂತಿತು, ಇನ್ಸುಲಿನ್ ನಿಲ್ಲಲಿಲ್ಲ. ಮೊದಲ ಕೆಲವು ಗಂಟೆಗಳಲ್ಲೇ ಸಕ್ಕರೆ ಜಾರಬಹುದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿ ಎಂದು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಕ್ಯಾಲ್ಸಿಯಂ ಕಡಿಮೆಯಾದರೆ ಫಿಟ್ಸ್ ಹೇಗೆ ಬರುತ್ತದೆ? ಅದು ಮೂಳೆಗೆ ಬೇಕಾದದ್ದಲ್ವಾ?

ಮೂಳೆಗೂ ಬೇಕು, ನರಗಳಿಗೂ ಬೇಕು. ನರಕೋಶದ ಬಾಗಿಲಿಗೆ ಕ್ಯಾಲ್ಸಿಯಂ ಒಂದು ಅಗುಳಿ ಇದ್ದ ಹಾಗೆ. ಅದು ಸಡಿಲವಾದರೆ ಬೇಡದ ಹೊತ್ತಿಗೆಲ್ಲ ಬಾಗಿಲು ತೆರೆದುಕೊಂಡು ಸೋಡಿಯಂ ಒಳನುಗ್ಗುತ್ತದೆ, ನರ ಸುಮ್ಮನಿರಲಾರದೆ ಸಿಡಿಯುತ್ತದೆ.

ಇದು ಎರಡು ಕಾಲದಲ್ಲಿ ಬರುತ್ತದೆ. ಒಂದು, ಹುಟ್ಟಿದ ಮೊದಲ ಮೂರು ದಿನಗಳಲ್ಲಿ. ಮೇಲೆ ಹೇಳಿದ ಬಗೆಯ ಮಕ್ಕಳಲ್ಲೇ ಹೆಚ್ಚು. ಎಷ್ಟೋ ಸಲ ತಾನಾಗಿ ಸರಿಹೋಗುತ್ತದೆ. ಎರಡನೆಯದು ವಾರದ ಆಸುಪಾಸಿನಲ್ಲಿ ಬರುವಂಥದ್ದು. ತಿಂಗಳು ತುಂಬಿ ಹುಟ್ಟಿ, ಆಸ್ಪತ್ರೆಯಿಂದ ಮನೆಗೆ ಬಂದು, ಚೆನ್ನಾಗಿ ಹಾಲು ಕುಡಿಯುತ್ತಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಶುರುವಾಗುತ್ತದೆ. ಒಂದು ಸೆಳವಿಗೂ ಇನ್ನೊಂದಕ್ಕೂ ನಡುವೆ ಮಗು ಎಚ್ಚರವಾಗಿಯೇ ಇರುತ್ತದೆ, ಹಾಲೂ ಕುಡಿಯುತ್ತದೆ. ಅದಕ್ಕೇ ಮನೆಯವರು ‘ಈಗ ಸರಿಯಾಯ್ತಲ್ಲ’ ಎಂದು ಉಳಿದುಬಿಡುತ್ತಾರೆ. ಈ ಎರಡನೇ ಬಗೆಗೆ ತಾಯಿಯಲ್ಲಿ ವಿಟಮಿನ್ ಡಿ ಕೊರತೆ ಒಂದು ದೊಡ್ಡ ಕಾರಣ. ಅದಕ್ಕಾಗಿ ಮಗುವಿನ ಜೊತೆ ತಾಯಿಯ ರಕ್ತವನ್ನೂ ಪರೀಕ್ಷೆ ಮಾಡಬೇಕು. ವೈದ್ಯರು ಹೇಳದಿದ್ದರೆ ನೀವೇ ಕೇಳಿ.

ಚಿಕಿತ್ಸೆಗೆ ಕ್ಯಾಲ್ಸಿಯಂ ಗ್ಲುಕೋನೇಟನ್ನು ನರಕ್ಕೆ ಬಹಳ ನಿಧಾನವಾಗಿ, ಸುಮಾರು ಹತ್ತು ನಿಮಿಷ ತೆಗೆದುಕೊಂಡು, ಹೃದಯದ ಬಡಿತ ನೋಡುತ್ತಾ ಕೊಡುತ್ತಾರೆ. ವೇಗವಾಗಿ ಹೋದರೆ ಎದೆಬಡಿತ ಇಳಿಯುತ್ತದೆ. ನರದಿಂದ ಹೊರಗೆ ಸೋರಿದರೆ ಚರ್ಮ ಸುಟ್ಟಂತಾಗುತ್ತದೆ. ಸೂಜಿ ಹಾಕಿದ ಜಾಗ ಊದಿದರೆ, ಕೆಂಪಾದರೆ ತಕ್ಷಣ ಸಿಸ್ಟರ್ ಅವರನ್ನು ಕರೆಯಿರಿ, ಸಂಕೋಚ ಬೇಡ.

ನಮ್ಮ ಕರಾವಳಿಯಲ್ಲಿ ಇಷ್ಟು ಬಿಸಿಲಿದೆ, ವಿಟಮಿನ್ ಡಿ ಕೊರತೆ ಹೇಗೆ ಬರುತ್ತದೆ?

ಬಿಸಿಲು ಊರಲ್ಲಿದ್ದರೆ ಸಾಲದು, ಚರ್ಮಕ್ಕೆ ಬೀಳಬೇಕು. ಬಸುರಿಯಾದವಳು ಮನೆಯೊಳಗೇ ಹೆಚ್ಚು ಹೊತ್ತು ಇರುತ್ತಾಳೆ. ನಾಲ್ಕು ತಿಂಗಳು ಮಳೆಯ ಮೋಡ. ಘಟ್ಟದ ಮೇಲೆ ಅಡಿಕೆ ತೋಟದ ನೆರಳು. ಹೆರಿಗೆ ಆದ ಮೇಲಂತೂ ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಕಿವಿಗೆ ಬಟ್ಟೆ ಕಟ್ಟಿ ಕೂರಿಸುತ್ತಾರೆ. ಊಟದಿಂದ ಈ ವಿಟಮಿನ್ ಸಿಗುವುದು ಕಡಿಮೆ. ಬಂಗುಡೆ, ತಾರ್ಲೆಯಂಥ ಎಣ್ಣೆ ಮೀನಿನಲ್ಲಿ ಸ್ವಲ್ಪ ಇದೆ, ಮೀನು ತಿನ್ನದವರಿಗೆ ಅದೂ ಇಲ್ಲ. ಎದೆಹಾಲು ಬೇರೆ ಎಲ್ಲದರಲ್ಲೂ ಪೂರ್ಣ ಆಹಾರ, ವಿಟಮಿನ್ ಡಿ ಮಾತ್ರ ಅದರಲ್ಲಿ ಬಹಳ ಕಡಿಮೆ. ಅದಕ್ಕೇ ಮಕ್ಕಳ ವೈದ್ಯರು ದಿನಕ್ಕೆ 400 ಯೂನಿಟ್ ಡ್ರಾಪ್ಸ್ ಬರೆದುಕೊಡುತ್ತಾರೆ. ಡ್ರಾಪ್ಸ್ ಒಂದೊಂದು ಕಂಪನಿಯದ್ದು ಒಂದೊಂದು ಬಲದ್ದಿರುತ್ತದೆ. ಎಷ್ಟು ಮಿ.ಲೀ. ಎಂದು ಬಾಟಲಿ ತೋರಿಸಿ ಕೇಳಿಕೊಳ್ಳಿ.

ಬಸುರಿಯರಿಗೆ ಸರ್ಕಾರದಿಂದ ಕ್ಯಾಲ್ಸಿಯಂ ಮಾತ್ರೆ ಸಿಗುತ್ತದೆ: 14ನೇ ವಾರದ ನಂತರ ದಿನಕ್ಕೆರಡು, ಒಂದೊಂದು 500 ಮಿ.ಗ್ರಾಂ., ಹೆರಿಗೆಯ ನಂತರವೂ ಆರು ತಿಂಗಳು. ಅದರಲ್ಲಿ ವಿಟಮಿನ್ ಡಿ ಕೂಡ ಇರುತ್ತದೆ. ಕಬ್ಬಿಣದ ಮಾತ್ರೆಯ ಜೊತೆಗೇ ನುಂಗಬೇಡಿ, ಒಂದೆರಡು ಗಂಟೆ ಬಿಟ್ಟು ತೆಗೆದುಕೊಳ್ಳಿ.

ಎದೆಹಾಲು ಸಾಲುತ್ತಿಲ್ಲ, ಮನೆಯ ಆಕಳ ಹಾಲು ಕೊಡಬಹುದೇ?

ಬೇಡ. ಆಕಳ ಹಾಲಿನಲ್ಲಿ ಕ್ಯಾಲ್ಸಿಯಂ ಜಾಸ್ತಿಯೇ ಇದೆ, ಆದರೆ ರಂಜಕ (ಫಾಸ್ಫರಸ್) ಎದೆಹಾಲಿಗಿಂತ ಐದಾರು ಪಟ್ಟು ಇದೆ. ಎಳೆ ಮೂತ್ರಪಿಂಡ ಅಷ್ಟು ರಂಜಕವನ್ನು ಹೊರಹಾಕಲಾರದು. ರಕ್ತದಲ್ಲಿ ರಂಜಕ ಏರಿದರೆ ಕ್ಯಾಲ್ಸಿಯಂ ಇಳಿಯುತ್ತದೆ. ವಾರದ ಮಗುವಿಗೆ ಆಕಳ ಹಾಲು ಕೊಟ್ಟು ಫಿಟ್ಸ್ ಬಂದರೆ ಕಾರಣ ಇದೇ ಇರಬಹುದು. ನೀರು ಬೆರೆಸಿ ತೆಳ್ಳಗೆ ಮಾಡಿದರೆ ಇನ್ನೊಂದು ತೊಂದರೆ, ಅದನ್ನು ಕೆಳಗೆ ಹೇಳುತ್ತೇನೆ.

ಕ್ಯಾಲ್ಸಿಯಂ ಕೊಟ್ಟರೂ ಫಿಟ್ಸ್ ನಿಂತಿಲ್ಲ, ಈಗ ಮೆಗ್ನೀಸಿಯಂ ಅನ್ನುತ್ತಿದ್ದಾರೆ. ಅದೇನು?

ಕ್ಯಾಲ್ಸಿಯಂ ಮಟ್ಟ ಕಾಯುವ ಹಾರ್ಮೋನು ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿಯಿಂದ ಬರುತ್ತದೆ. ಮೆಗ್ನೀಸಿಯಂ ತೀರಾ ಕಡಿಮೆಯಾದರೆ ಆ ಹಾರ್ಮೋನು ಹೊರಬರುವುದೇ ಇಲ್ಲ. ಆಗ ಎಷ್ಟು ಕ್ಯಾಲ್ಸಿಯಂ ಹಾಕಿದರೂ ಮತ್ತೆ ಇಳಿಯುತ್ತದೆ. ಮೊದಲು ಮೆಗ್ನೀಸಿಯಂ ತುಂಬಿದರೆ ಕ್ಯಾಲ್ಸಿಯಂ ಹಿಂದೆಯೇ ಸರಿಹೋಗುತ್ತದೆ. ಸಾಮಾನ್ಯ ತೊಂದರೆ ಅಲ್ಲ, ಆದರೆ ನೆನಪಿಟ್ಟು ಹುಡುಕದಿದ್ದರೆ ಸಿಗುವುದಿಲ್ಲ.

ಸೆಖೆಗಾಲದಲ್ಲಿ ಮಗುವಿಗೆ ನೀರು ಬೇಕಲ್ವಾ? ಸಕ್ಕರೆ ನೀರು ಕೊಟ್ಟರೆ ತಪ್ಪೇನು?

ಏಪ್ರಿಲ್–ಮೇ ತಿಂಗಳಲ್ಲಿ ಕುಮಟಾ, ಹೊನ್ನಾವರದ ಕಡೆ ಬೆವರು ಹರಿಯುವಾಗ ಈ ಪ್ರಶ್ನೆ ಎಲ್ಲರದ್ದೂ. ಎದೆಹಾಲಿನ ಬಹುಪಾಲು ನೀರೇ. ಬೇರೆ ನೀರು ಬೇಡ. ನೀರು ಅಥವಾ ನೀರು ಬೆರೆಸಿದ ಹಾಲು ಹೆಚ್ಚು ಕೊಟ್ಟರೆ ಮಗುವಿನ ರಕ್ತದ ಸೋಡಿಯಂ ತೆಳುವಾಗುತ್ತದೆ. ಅದು ಲೀಟರಿಗೆ 135 ಮತ್ತು 145 ಮಿಲಿಮೋಲ್ ನಡುವೆ ಇರಬೇಕು. ತೀರಾ ಇಳಿದರೆ ನೀರು ಮಿದುಳಿನ ಕೋಶಗಳೊಳಗೆ ನುಗ್ಗಿ ಮಿದುಳು ಊದುತ್ತದೆ, ಫಿಟ್ಸ್ ಬರುತ್ತದೆ. ಹಾಲಿನ ಪುಡಿಯ ಡಬ್ಬಿ ಬೇಗ ಖಾಲಿಯಾಗದಿರಲೆಂದು ತೆಳ್ಳಗೆ ಕಲಸುವುದೂ ಇಷ್ಟೇ ಅಪಾಯ.

ಇದರ ಇನ್ನೊಂದು ಬದಿಯೂ ಇದೆ. ಚೊಚ್ಚಲು ಬಾಣಂತಿಗೆ ಹಾಲು ಸರಿಯಾಗಿ ಇಳಿದಿಲ್ಲ, ಮಗುವಿಗೆ ಎದೆ ಕಚ್ಚಲು ಬರುತ್ತಿಲ್ಲ. ನಿಧಾನಕ್ಕೆ ಮಗುವಿನ ಮೈ ಒಣಗಿ ಸೋಡಿಯಂ ಏರುತ್ತದೆ. ಇಂಥ ಮಗು ಜೋರಾಗಿ ಅಳುವುದಿಲ್ಲ. ಮಲಗಿಯೇ ಇರುತ್ತದೆ. ‘ಎಂಥಾ ಪಾಪದ ಮಗು, ಅಳುವುದೇ ಇಲ್ಲ’ ಎಂದು ನೋಡಲು ಬಂದವರು ಹೊಗಳುತ್ತಾರೆ. ಆ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ಐದನೇ ದಿನದ ಹೊತ್ತಿಗೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು. ಹುಟ್ಟಿದ ತೂಕದಲ್ಲಿ ಶೇ. 10ಕ್ಕಿಂತ ಜಾಸ್ತಿ ಇಳಿದಿದ್ದರೆ ತಡಮಾಡದೆ ತೋರಿಸಿ. ಮೂರು ಕಿಲೋ ಮಗುವಿಗೆ 300 ಗ್ರಾಂ ಎಂದರೆ ಅಷ್ಟಾಯಿತು. ಆಶಾ ಕಾರ್ಯಕರ್ತೆ 3ನೇ ಮತ್ತು 7ನೇ ದಿನ ಮನೆಗೆ ಬಂದು ತೂಕ ನೋಡುವುದು ಇದಕ್ಕೇ. ಹೊರಗಿನವರಿಗೆ ಕೂಸು ತೋರಿಸಬಾರದು ಎಂದು ಅವರನ್ನು ಬಾಗಿಲಿಂದಲೇ ಕಳಿಸಬೇಡಿ.

ಏರಿದ ಸೋಡಿಯಂ ಅನ್ನು ಆಸ್ಪತ್ರೆಯಲ್ಲಿ ಎರಡು ಮೂರು ದಿನ ತೆಗೆದುಕೊಂಡು ನಿಧಾನವಾಗಿ ಇಳಿಸುತ್ತಾರೆ. ಸರ್ರನೆ ಇಳಿಸಿದರೆ ಆಗಲೇ ಫಿಟ್ಸ್ ಬರುತ್ತದೆ. ‘ಇನ್ನೂ ಯಾಕೆ ಡ್ರಿಪ್’ ಎಂದು ಡಿಸ್ಚಾರ್ಜಿಗೆ ಅವಸರ ಮಾಡಬೇಡಿ.

ಮನೆಯ ಹಿರಿಯರು ಬಾಲಗ್ರಹ ಅನ್ನುತ್ತಾರೆ. ಅಂತ್ರ ಕಟ್ಟಿಸಿ, ಬರೆ ಹಾಕಿಸೋಣ ಅನ್ನುತ್ತಾರೆ. ಏನು ಹೇಳಲಿ?

ಹಿರಿಯರ ಮೇಲೆ ಸಿಟ್ಟು ಮಾಡಬೇಡಿ. ರಕ್ತಪರೀಕ್ಷೆ ಇಲ್ಲದ ಕಾಲದಲ್ಲಿ ಅವರು ಮಕ್ಕಳನ್ನು ಕಳೆದುಕೊಂಡಿದ್ದಾರೆ, ಆ ಹೆದರಿಕೆ ನಿಜವಾದದ್ದು. ಅಂತ್ರ, ದೇವರ ಹರಕೆ ನಿಮ್ಮ ನಂಬಿಕೆಗೆ ಬಿಟ್ಟದ್ದು, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೇಳಿಕೊಳ್ಳಬಹುದು. ಬರೆ ಮಾತ್ರ ಖಂಡಿತ ಬೇಡ. ಸುಟ್ಟ ಗಾಯದಿಂದ ಸೋಂಕು ರಕ್ತಕ್ಕೆ ಇಳಿದರೆ ಮಗು ಉಳಿಯುವುದು ಕಷ್ಟ. ಈರುಳ್ಳಿ, ಬೀಗದ ಕೈ, ಕಬ್ಬಿಣ ಹಿಡಿಸುವುದರಿಂದ ರಕ್ತದ ಸಕ್ಕರೆ ಏರುವುದಿಲ್ಲ. ಜೇನು ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು ಈ ವಯಸ್ಸಿಗೆ ಬೇಡ.

ಕರ್ಪೂರದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಶೀತಕ್ಕೆಂದು ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ, ಮೂಗಿಗೆ ಹಚ್ಚುವುದು ನಮ್ಮ ಕಡೆ ಬಹಳ. ಕರ್ಪೂರ ಚರ್ಮದಿಂದಲೂ ಒಳಹೋಗುತ್ತದೆ, ಅದರಿಂದಲೇ ಎಳೆ ಮಕ್ಕಳಿಗೆ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆಯೂ ಹಾಗೆಯೇ. ಹಚ್ಚಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಬೈಯುತ್ತಾರೆಂದು ಹೆದರಿ ಹೇಳದಿದ್ದರೆ ಬೇಡದ ಪರೀಕ್ಷೆಗಳಲ್ಲಿ ಹೊತ್ತು ಹೋಗುತ್ತದೆ.

ಸಕ್ಕರೆ, ಕ್ಯಾಲ್ಸಿಯಂ ಕಡಿಮೆ ಎಂದು ಗೊತ್ತಾಯಿತಲ್ಲ. ಆದರೂ ಬೆನ್ನಿನಿಂದ ನೀರು ಯಾಕೆ ತೆಗೆಯುತ್ತಾರೆ?

ಸೋಂಕು ಇರುವ ಮಗುವಿಗೂ ಸಕ್ಕರೆ ಇಳಿಯುತ್ತದೆ. ಒಂದು ಕಾರಣ ಸಿಕ್ಕಿತೆಂದು ಇನ್ನೊಂದನ್ನು ಬಿಡುವಂತಿಲ್ಲ. ಮಿದುಳಿನ ಪೊರೆಯ ಸೋಂಕು ತಪ್ಪಿಹೋದರೆ ಬಹಳ ದುಬಾರಿ. ಸೊಂಟದ ಕೆಳಭಾಗದಿಂದ ತೆಗೆಯುವ ಆ ನೀರಿನಿಂದ ಕಾಲು ಬೀಳುತ್ತದೆ ಎಂಬುದು ಸುಳ್ಳು.

ಎಲ್ಲಾ ಸರಿಪಡಿಸಿದರೂ ಫಿಟ್ಸ್ ನಿಲ್ಲದಿದ್ದರೆ?

ಆಗ ಅಪರೂಪದ, ಹುಟ್ಟಿನಿಂದಲೇ ಬರುವ ಚಯಾಪಚಯದ (ಆಹಾರವನ್ನು ಮೈ ಬಳಸಿಕೊಳ್ಳುವ ಕ್ರಿಯೆಯ) ಕಾಯಿಲೆಗಳನ್ನು ಹುಡುಕುತ್ತಾರೆ. ಮೊದಲ ಒಂದೆರಡು ದಿನ ಚೆನ್ನಾಗಿದ್ದ ಮಗು ಹಾಲು ಕುಡಿಯುತ್ತಾ ಹೋದಂತೆ ಮಂಕಾಗಿ, ವಾಂತಿ ಮಾಡಿ, ಆಮೇಲೆ ಫಿಟ್ಸ್ ಬಂದರೆ ಅನುಮಾನ ಹೆಚ್ಚು. ರಕ್ತದ ಅಮೋನಿಯಾ, ಆಮ್ಲದ ಮಟ್ಟ ನೋಡುತ್ತಾರೆ. ಮೂತ್ರಕ್ಕೆ ವಿಚಿತ್ರ ವಾಸನೆ ಇದ್ದರೆ ಹೇಳಿ, ಕೆಲವು ಕಾಯಿಲೆಗಳಿಗೆ ಅದೇ ಸುಳಿವು. ವಿಟಮಿನ್ ಬಿ6 ಕೊಟ್ಟರೆ ಮಾತ್ರ ನಿಲ್ಲುವ ಫಿಟ್ಸ್ ಕೂಡ ಇದೆ. 1954ರಲ್ಲೇ ಅದನ್ನು ಗುರುತಿಸಿದ್ದರು. ಬೇರೆ ಯಾವ ಔಷಧಕ್ಕೂ ಅದು ಬಗ್ಗುವುದಿಲ್ಲ, ಜೀವನವಿಡೀ ಆ ವಿಟಮಿನ್ ಬೇಕಾಗುತ್ತದೆ. ಮೊದಲ ಡೋಸ್ ಕೊಡುವಾಗ ಕೆಲವು ಮಕ್ಕಳಿಗೆ ಉಸಿರು ನಿಲ್ಲಬಹುದಾದ್ದರಿಂದ ಐಸಿಯುನಲ್ಲೇ ಕೊಡುತ್ತಾರೆ.

ಇವುಗಳಲ್ಲಿ ಹೆಚ್ಚಿನವು ತಂದೆತಾಯಿ ಇಬ್ಬರಿಂದಲೂ ಒಂದೊಂದು ದೋಷದ ಜೀನ್ ಬಂದಾಗ ಕಾಣಿಸಿಕೊಳ್ಳುತ್ತವೆ. ಸೋದರಮಾವನ ಜೊತೆ, ಅತ್ತೆ–ಮಾವನ ಮಕ್ಕಳ ಜೊತೆ ಮದುವೆಯಾದವರಲ್ಲಿ ಸಾಧ್ಯತೆ ಜಾಸ್ತಿ. ಮೊದಲೊಂದು ಮಗು ಕಾರಣ ತಿಳಿಯದೆ ತೀರಿಹೋಗಿದ್ದರೆ ಆ ನೋವನ್ನು ಕೆದಕಿಯಾದರೂ ವೈದ್ಯರಿಗೆ ಹೇಳಬೇಕು.

ಮುಂದೆ ಮಗುವಿಗೆ ಮೂರ್ಛೆ ರೋಗ ಬರುತ್ತದಾ? ಬುದ್ಧಿ ಬೆಳೆಯುತ್ತದಾ?

ಕಾರಣದ ಮೇಲೆ ಹೋಗುತ್ತದೆ. ಬರೀ ಕ್ಯಾಲ್ಸಿಯಂ ಕೊರತೆಯಿಂದ, ಅದರಲ್ಲೂ ವಾರದ ನಂತರ ಬಂದ ಫಿಟ್ಸ್ ಆಗಿದ್ದರೆ ಹೆಚ್ಚಿನ ಮಕ್ಕಳು ಎಲ್ಲರಂತೆ ಬೆಳೆಯುತ್ತಾರೆ. ಸಕ್ಕರೆ ತುಂಬಾ ಹೊತ್ತು ಇಳಿದೇ ಇದ್ದರೆ ಹಾಗೆ ಹೇಳಲಾಗುವುದಿಲ್ಲ. ಮಿದುಳಿನ ಹಿಂಭಾಗಕ್ಕೆ, ನೋಟವನ್ನು ಅರ್ಥಮಾಡಿಕೊಳ್ಳುವ ಜಾಗಕ್ಕೆ ಪೆಟ್ಟು ಬೀಳಬಹುದು. ಕಣ್ಣು ಸರಿಯಿದ್ದರೂ ಮಗು ತಾಯಿಯ ಮುಖ ನೋಡಿ ನಗುವುದು ತಡವಾಗುತ್ತದೆ. ಎರಡು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ನಾಲ್ಕು ತಿಂಗಳಿಗೆ ಕತ್ತು ನಿಲ್ಲದಿದ್ದರೆ ಕಾಯುತ್ತಾ ಕೂರಬೇಡಿ. ಇಂಥ ಮಕ್ಕಳಿಗೆಂದೇ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಆಸ್ಪತ್ರೆಯಲ್ಲಿ ಕೇಳಿದರೆ ಕಳಿಸಿಕೊಡುತ್ತಾರೆ. ಬೇಗ ಶುರುಮಾಡಿದ ತರಬೇತಿ ಮಗುವಿಗೆ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಫಿಟ್ಸ್ ಔಷಧ ಎಷ್ಟು ದಿನ ಕೊಡಬೇಕು?

ಕಾರಣ ಸರಿಹೋಗಿ, ಮಗುವಿನ ಪರೀಕ್ಷೆ ಎಲ್ಲಾ ಸರಿಯಿದ್ದರೆ ಮನೆಗೆ ಕಳಿಸುವ ಮೊದಲೇ ನಿಲ್ಲಿಸುತ್ತಾರೆ. ಮುಂದುವರಿಸಿ ಎಂದಿದ್ದರೆ ಎಲ್ಲಿಯವರೆಗೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ನೀವಾಗಿ ನಿಲ್ಲಿಸಬೇಡಿ.

ಲಸಿಕೆ ಹಾಕಿಸಬಹುದೇ?

ಹಾಕಿಸಬಹುದು, ಹಾಕಿಸಬೇಕು. ಹೀಗೆ ಫಿಟ್ಸ್ ಬಂದಿತ್ತು ಎಂದು ನರ್ಸಿಗೆ ಮೊದಲು ತಿಳಿಸಿ. ಚಿಕಿತ್ಸೆ ಇನ್ನೂ ನಡೆಯುತ್ತಿದ್ದರೆ ದಿನವನ್ನು ವೈದ್ಯರು ಹೇಳುತ್ತಾರೆ.

ಮುಂದಿನ ಬಸಿರಿನಲ್ಲಿ ಏನು ನೋಡಿಕೊಳ್ಳಬೇಕು?

ಈ ಮಗುವಿನ ಡಿಸ್ಚಾರ್ಜ್ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ, ನಮ್ಮ ಮಳೆಗಾಲಕ್ಕೆ ಕಾಗದ ಉಳಿಯುವುದಿಲ್ಲ. ಬಸಿರು ಗೊತ್ತಾದ ಕೂಡಲೇ ಅದನ್ನು ತೋರಿಸಿ. ಗ್ಲುಕೋಸ್ ನೀರು ಕುಡಿದು ಎರಡು ಗಂಟೆ ಕಾದು ಮಾಡುವ ಸಕ್ಕರೆ ಪರೀಕ್ಷೆಯನ್ನು ತಪ್ಪಿಸಬೇಡಿ. ವಿಟಮಿನ್ ಡಿ ಕೊರತೆ ಇತ್ತೆಂದಾದರೆ ಮೊದಲೇ ತುಂಬಿಸಿಕೊಳ್ಳಬಹುದು. ತಂದೆತಾಯಿ ಇಬ್ಬರಿಂದಲೂ ಜೀನ್ ಬಂದು ಆಗುವ ವಂಶವಾಹಿ ಕಾಯಿಲೆ ಎಂದು ಖಚಿತವಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮತ್ತೆ ಬರುವ ಸಂಭವವಿದೆ. ಹಾಗಿದ್ದರೆ ಬಸುರಿಯಾಗುವ ಮೊದಲೇ ಜೆನೆಟಿಕ್ಸ್ ತಜ್ಞರನ್ನು ಕಾಣಿರಿ. ಹೆರಿಗೆಯನ್ನು ನವಜಾತ ಶಿಶು ಘಟಕ ಇರುವ ಆಸ್ಪತ್ರೆಯಲ್ಲೇ ಗೊತ್ತುಮಾಡಿ. ತಾರೀಖು ಜೂನ್–ಜುಲೈಯಲ್ಲಿದ್ದು ನಿಮ್ಮ ಮನೆ ಜೋಯಿಡಾದ ಕಾಡಿನಲ್ಲೋ ಘಟ್ಟದ ತಿರುವಿನಾಚೆಯೋ ಇದ್ದರೆ, ಒಂದು ವಾರ ಮೊದಲೇ ಪೇಟೆಯಲ್ಲಿರುವ ನೆಂಟರ ಮನೆಗೆ ಬಂದು ಉಳಿಯಿರಿ.